ಎಳೆಯುವ ಕಾರು, ನೂಕುವ ಟ್ರೈಲರ್

ಕಬ್ಬಿನ ಕಟಾವಿನ ದಿನಗಳಲ್ಲಿ ಬೆಳಗಾವಿ, ಬಾಗಲಕೋಟೆ ಅಥವಾ ಮಂಡ್ಯದ ಕಡೆ ಪ್ರಯಾಣ ಮಾಡಿದ್ದೀರಾದರೆ ಒಂದು ದೃಶ್ಯವನ್ನು ನೀವು ಖಂಡಿತ ಕಂಡಿರುತ್ತೀರಿ. ಮುಂದೆ ಒಂದು ಟ್ರ್ಯಾಕ್ಟರ್, ಹಿಂದೆ ಗುಡ್ಡದಂತೆ ಕಬ್ಬು ಹೇರಿದ ಒಂದೋ ಎರಡೋ ಟ್ರೈಲರ್. ಏರು ಬಂದಾಗ ಟ್ರ್ಯಾಕ್ಟರಿನ ಮುಂದಿನ ಚಕ್ರಗಳು ನೆಲ ಬಿಟ್ಟು ಏಳುವುದೂ ಉಂಟು. ಹಿಂದೆ ಬರುವ ಬಸ್ಸಿನಲ್ಲಿ ಕುಳಿತ ನಾವು ಉಸಿರು ಬಿಗಿಹಿಡಿದು ನೋಡುತ್ತೇವೆ, ಏರು ಮುಗಿದ ಮೇಲೆ ಮರೆತುಬಿಡುತ್ತೇವೆ.

ನಮ್ಮಲ್ಲಿ ಹೀಗೆ ಭಾರ ಎಳೆಯುವುದು ಟ್ರ್ಯಾಕ್ಟರಿನ ಇಲ್ಲವೇ ಲಾರಿಯ ಕೆಲಸ. ಬ್ರಿಟನ್ನಿನಲ್ಲಿ ಅದು ಬಹುಮಟ್ಟಿಗೆ ಕಾರಿನ ಕೆಲಸ. ರಜೆಗೆ ಹೊರಟ ಕುಟುಂಬ ಕ್ಯಾರವಾನ್ ಎಂಬ ಚಕ್ರದ ಮನೆಯನ್ನು ಕಾರಿಗೆ ಕಟ್ಟಿಕೊಂಡು ಹೋಗುತ್ತದೆ. ರೈತ ಕುರಿಗಳನ್ನು ಸಂತೆಗೆ ಒಯ್ಯುತ್ತಾನೆ, ಕುದುರೆ ಸಾಕಿದವರು ಕುದುರೆಯನ್ನು ಒಯ್ಯುತ್ತಾರೆ. ಅಲ್ಲಿನ ಕಾನೂನು ಒಂದು ಕಾರು 3,500 ಕೆಜಿ ತೂಕದವರೆಗಿನ ಟ್ರೈಲರನ್ನು ಎಳೆಯಲು ಬಿಡುತ್ತದೆ, ಆದರೆ ಆ ಕಾರಿಗೆ ಅಷ್ಟು ಸಾಮರ್ಥ್ಯ ಇದೆಯೆಂದು ತಯಾರಕರು ಹೇಳಿರಬೇಕು. ಹೊಸ ಕಾರು ದುಬಾರಿ. ಆದ್ದರಿಂದ ಅನೇಕರು ಹುಡುಕುವುದು ಸೆಕೆಂಡ್ ಹ್ಯಾಂಡ್ ಕಾರನ್ನೇ.

ಈಗ ನಿಮಗೊಂದು ಕೆಲಸ. ವೇಲ್ಸ್ ಪ್ರಾಂತದಲ್ಲಿ ಒಂದು ಸಣ್ಣ ಹೊಲಮನೆ ಇದೆ ಎಂದು ಊಹಿಸಿಕೊಳ್ಳಿ. ಆ ಮನೆಯವರ ಬಳಿ ಎರಡು ಕುದುರೆಗಳಿವೆ, ಅವುಗಳನ್ನು ಸಾಗಿಸುವ ಟ್ರೈಲರ್ ಇದೆ, ಕೈಯಲ್ಲಿ ಹೆಚ್ಚು ಹಣವಿಲ್ಲ. ಅವರಿಗೊಂದು ಹಳೆಯ ಕಾರು ಆರಿಸಿಕೊಡಬೇಕು. ಇದಕ್ಕೆ ನೀವು ಮೆಕ್ಯಾನಿಕ್ ಆಗಿರಬೇಕಿಲ್ಲ. ಪ್ರೌಢಶಾಲೆಯಲ್ಲಿ ಕಲಿತ ಭೌತಶಾಸ್ತ್ರ ಮುಕ್ಕಾಲು ಪಾಲು ಸಾಕಾಗುತ್ತದೆ.

ಮೊದಲು ಭಾರ ಎಷ್ಟೆಂದು ಕೂಡಿಸೋಣ. ಬೆಳೆದ ಸವಾರಿ ಕುದುರೆ 500 ರಿಂದ 600 ಕೆಜಿ ತೂಗುತ್ತದೆ. ಎರಡು ಕುದುರೆಗಳ ಟ್ರೈಲರ್ ಬರಿದಾಗಿಯೇ 900 ರಿಂದ 1,000 ಕೆಜಿ. ಜೀನು, ಹುಲ್ಲು, ನೀರು ಎಲ್ಲ ಸೇರಿದರೆ ಒಟ್ಟು 2,200 ಕೆಜಿ ಎಂದಿಟ್ಟುಕೊಳ್ಳಿ. ಎಳೆಯುವ ಕಾರು, ಅದರೊಳಗಿನ ಜನ ಮತ್ತು ಸಾಮಾನು ಸೇರಿ 2,300 ಕೆಜಿ ಇರಲಿ. ಒಟ್ಟು ನಾಲ್ಕೂವರೆ ಟನ್.

ಇಂಥ ಕಾರು ಕೊಳ್ಳುವಾಗ ಎಲ್ಲರೂ ಕೇಳುವ ಮೊದಲ ಪ್ರಶ್ನೆ: ‘ಎಷ್ಟು ಅಶ್ವಶಕ್ತಿ?’ ಈ ಪ್ರಶ್ನೆ ಎಷ್ಟು ಸರಿ ಎಂದು ಲೆಕ್ಕ ಹಾಕಿ ನೋಡೋಣ. ಯೂರೋಪಿನಲ್ಲಿ ಕಾರಿನ ಎಳೆಯುವ ಸಾಮರ್ಥ್ಯ ನಿಗದಿ ಮಾಡಲು ಒಂದು ಪರೀಕ್ಷೆ ಇದೆ. ಟ್ರೈಲರ್ ಕಟ್ಟಿದ ಕಾರು ಶೇಕಡಾ 12ರ ಏರಿನಲ್ಲಿ, ಅಂದರೆ 100 ಮೀಟರಿಗೆ 12 ಮೀಟರ್ ಏರುವ ರಸ್ತೆಯಲ್ಲಿ, ನಿಂತ ನೆಲೆಯಿಂದ ಐದು ನಿಮಿಷದೊಳಗೆ ಐದು ಸಲ ಹೊರಡಬೇಕು. ನಮ್ಮ ನಾಲ್ಕೂವರೆ ಟನ್ನನ್ನು ಆ ಏರಿನಲ್ಲಿ ಗುರುತ್ವ ಸುಮಾರು 5,250 ನ್ಯೂಟನ್ ಬಲದಿಂದ ಹಿಂದಕ್ಕೆ ಎಳೆಯುತ್ತದೆ. ಚಕ್ರಗಳು ಉರುಳುವಾಗಿನ ತಡೆಯನ್ನೂ ಸೇರಿಸಿದರೆ 5,900 ನ್ಯೂಟನ್ ಆಗಬಹುದು. ಸಾಮರ್ಥ್ಯವೆಂದರೆ ಬಲವನ್ನು ವೇಗದಿಂದ ಗುಣಿಸಿದಾಗ ಬರುವುದು. ನಡಿಗೆಯ ವೇಗದಲ್ಲಿ, ಅಂದರೆ ಗಂಟೆಗೆ 5 ಕಿಲೋಮೀಟರಿನಲ್ಲಿ ಈ ಏರು ಹತ್ತಲು ಬೇಕಾಗುವುದು ಸುಮಾರು 8,200 ವಾಟ್. ಬರೀ 11 ಅಶ್ವಶಕ್ತಿ! ಇದು ಒಂದು ಮೋಟಾರ್ ಸೈಕಲ್ಲಿನ ಎಂಜಿನ್ ಕೊಡುವಷ್ಟು. ಅದೇ ಏರನ್ನು 60 ಕಿಲೋಮೀಟರ್ ವೇಗದಲ್ಲಿ ಹತ್ತಬೇಕೆಂದರೆ ಗಾಳಿಯ ತಡೆ ಬಿಟ್ಟೂ 130 ಅಶ್ವಶಕ್ತಿ ದಾಟುತ್ತದೆ.

ಅಂದರೆ ಭಾರ ಎಳೆಯುವುದಕ್ಕೆ ಅಶ್ವಶಕ್ತಿಯ ಅಗತ್ಯ ಅಷ್ಟಿಲ್ಲ, ಬೇಗ ಎಳೆಯುವುದಕ್ಕೆ ಇದೆ. ಬ್ರಿಟನ್ನಿನಲ್ಲಿ ಟ್ರೈಲರ್ ಕಟ್ಟಿದ ಕಾರಿಗೆ ಸಾಧಾರಣ ರಸ್ತೆಯಲ್ಲಿ ಗಂಟೆಗೆ 50 ಮೈಲಿ, ಮೋಟಾರ್‌ವೇಯಲ್ಲಿ 60 ಮೈಲಿ ಗರಿಷ್ಠ ಮಿತಿ. ಕುದುರೆ ಹೊತ್ತವರು ಆ ಮಿತಿಯನ್ನೂ ಮುಟ್ಟುವುದಿಲ್ಲ, ಏಕೆಂದರೆ ಕುದುರೆ ನಿಂತುಕೊಂಡೇ ಪ್ರಯಾಣ ಮಾಡುವ ಪ್ರಾಣಿ. ಆದ್ದರಿಂದ ನಮ್ಮ ಹೊಲಮನೆಯವರಿಗೆ ಬೇಕಾದದ್ದು ಕಡಿಮೆ ಸುತ್ತಿನಲ್ಲೇ ಹೆಚ್ಚು ತಿರುಗುಬಲ, ಅಂದರೆ ಟಾರ್ಕ್, ಕೊಡುವ ಎಂಜಿನ್. ಟರ್ಬೋ ಡೀಸೆಲ್ ಎಂಜಿನ್ ಇದರಲ್ಲಿ ಮುಂದು. 2004ರಲ್ಲಿ ಬಂದ ಲ್ಯಾಂಡ್ ರೋವರ್ ಡಿಸ್ಕವರಿ 3ರ 2.7 ಲೀಟರ್ ಡೀಸೆಲ್ ಎಂಜಿನ್ ನಿಮಿಷಕ್ಕೆ 1,900 ಸುತ್ತಿನಲ್ಲೇ 440 ನ್ಯೂಟನ್ ಮೀಟರ್ ತಿರುಗುಬಲ ಕೊಡುತ್ತದೆ. ಪೆಟ್ರೋಲ್ ಎಂಜಿನ್ನು ಇಂಥದೇ ಏರಿನಲ್ಲಿ ಹೊರಡಬೇಕಾದರೆ ಅದನ್ನು ಗೋಳಾಡಿಸಬೇಕು, ಕ್ಲಚ್ಚನ್ನು ಅರ್ಧ ಒತ್ತಿ ಹಿಡಿದು ಸುಡಬೇಕು.

ಇಷ್ಟಾದರೂ ಎಳೆಯುವುದು ಈ ಕಥೆಯ ಸುಲಭದ ಭಾಗ. ಹೊರಾಂಗಣ ಚಿತ್ರೀಕರಣಕ್ಕೆ ಜನರೇಟರನ್ನು ಜೀಪಿನ ಹಿಂದೆ ಕಟ್ಟಿಕೊಂಡು ಬರುತ್ತಿದ್ದ ಚಾಲಕರೊಬ್ಬರು ಒಮ್ಮೆ ನನಗೆ ಹೇಳಿದ್ದರು: ‘ಸಾರ್, ಏರಿನಲ್ಲಿ ನಾನು ಇದನ್ನ ಎಳೀತೀನಿ. ಇಳಿಜಾರಲ್ಲಿ ಇದೇ ನನ್ನ ಓಡಿಸುತ್ತೆ.’ ಪಠ್ಯಪುಸ್ತಕದಲ್ಲಿ ಜಡತ್ವದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕುವುದು ಕಷ್ಟ.

ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ನಮ್ಮ ಕಾರೊಂದರ ಚಲನಶಕ್ತಿ ಸುಮಾರು 5 ಲಕ್ಷ 70 ಸಾವಿರ ಜೌಲ್. ಟ್ರೈಲರ್ ಸೇರಿದರೆ 11 ಲಕ್ಷ ಜೌಲ್ ದಾಟುತ್ತದೆ. ನಿಲ್ಲಬೇಕೆಂದರೆ ಇಷ್ಟೂ ಶಕ್ತಿ ಬ್ರೇಕುಗಳಲ್ಲಿ ಶಾಖವಾಗಬೇಕು. ಮೂರೂವರೆ ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಸಾಕಾಗುವ ಶಾಖ ಅದು, ಅದೂ ಕೆಲವೇ ಸೆಕೆಂಡಿನಲ್ಲಿ. ಇನ್ನು 300 ಮೀಟರ್ ಎತ್ತರದ ಬೆಟ್ಟದಿಂದ ಒಂದೇ ವೇಗದಲ್ಲಿ ಇಳಿಯುವುದಾದರೆ ತೊಡೆದುಹಾಕಬೇಕಾದ ಶಕ್ತಿ 1 ಕೋಟಿ 32 ಲಕ್ಷ ಜೌಲ್. ಬರೀ ಬ್ರೇಕು ತುಳಿದುಕೊಂಡೇ ಇಳಿದರೆ ಅವು ಕಾದು, ಹಿಡಿತ ಕಳೆದುಕೊಳ್ಳುತ್ತವೆ. ಏರುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಎಂದು ನಮ್ಮ ಚಾರ್ಮಾಡಿ, ಶಿರಾಡಿ ಘಾಟಿಗಳ ಲಾರಿ ಚಾಲಕರು ಪಾಲಿಸುವ ನಿಯಮಕ್ಕೆ ಕಾರಣ ಇದೇ. ವೇಲ್ಸ್‌ನ ಬೆಟ್ಟಗಳಿಗೂ ಅದೇ ನಿಯಮ.

ಟ್ರೈಲರಿಗೂ ಬ್ರೇಕು ಇರುತ್ತದಲ್ಲ ಎಂದು ನೀವು ಕೇಳಬಹುದು. ಇರುತ್ತದೆ. ಬ್ರಿಟನ್ನಿನಲ್ಲಿ ಬ್ರೇಕಿಲ್ಲದ ಟ್ರೈಲರ್ 750 ಕೆಜಿ ಅಥವಾ ಕಾರಿನ ತೂಕದ ಅರ್ಧ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರುವಂತಿಲ್ಲ. ಅದಕ್ಕಿಂತ ಭಾರದ ಟ್ರೈಲರುಗಳಲ್ಲಿ ಸಾಮಾನ್ಯವಾಗಿ ಇರುವ ಬ್ರೇಕಿನ ಏರ್ಪಾಡು ಬಹಳ ಸರಳ. ಕಾರು ನಿಧಾನವಾದಾಗ ಟ್ರೈಲರ್ ತನ್ನ ಜಡತ್ವದಿಂದ ಮುಂದಕ್ಕೆ ನುಗ್ಗುತ್ತದೆ. ಆಗ ಅದರ ಮೂತಿಯಲ್ಲಿರುವ ಒಂದು ದಂಡ ಒಳಕ್ಕೆ ಸರಿದು, ಸರಳುಗಳ ಮೂಲಕ ಚಕ್ರಗಳ ಬ್ರೇಕನ್ನು ಎಳೆಯುತ್ತದೆ. ವಿದ್ಯುತ್ ಬೇಡ, ಎಣ್ಣೆಯ ಕೊಳವೆ ಬೇಡ. ಆದರೆ ಒಂದು ಮಾತನ್ನು ಗಮನಿಸಿ. ಟ್ರೈಲರ್ ಕಾರನ್ನು ನೂಕಿದ ಮೇಲೆಯೇ ಈ ಬ್ರೇಕು ಹಿಡಿಯುವುದು. ಆ ನೂಕನ್ನು ತಡೆದುಕೊಳ್ಳುವಷ್ಟು ತೂಕ ಕಾರಿಗಿರಬೇಕು. ಹಗುರವಾದ ಕಾರಿಗೆ ಎಷ್ಟೇ ಬಲವಾದ ಎಂಜಿನ್ ಇರಲಿ, ಇಳಿಜಾರಿನ ತಿರುವಿನಲ್ಲಿ ಹಿಂದಿನಿಂದ ಒತ್ತಿದ ಎರಡು ಟನ್ ಅದರ ಬಾಲವನ್ನು ಪಕ್ಕಕ್ಕೆ ತಳ್ಳಿಬಿಡಬಲ್ಲದು.

ಹೀಗಾಗಿ ಮೊದಲು ಕೇಳಬೇಕಾದದ್ದು ‘ಕಾರು ಎಷ್ಟು ತೂಗುತ್ತದೆ?’ ಎಂದು. ಹೊಸದಾಗಿ ಕ್ಯಾರವಾನ್ ಎಳೆಯುವವರಿಗೆ ಅಲ್ಲಿ ಕೊಡುವ ಸಲಹೆಯೊಂದಿದೆ: ತುಂಬಿದ ಕ್ಯಾರವಾನಿನ ತೂಕ ಕಾರಿನ ತೂಕದ ಶೇಕಡಾ 85ನ್ನು ಮೀರದಿರಲಿ. ಇದು ಕಾನೂನಲ್ಲ. ಕುದುರೆಯ ಟ್ರೈಲರ್ ಎಳೆಯುವವರಲ್ಲಿ ಹಲವರು ಇದನ್ನು ಮೀರುತ್ತಾರೆ, ಕಾರಿನ ತಯಾರಕರೂ ಮೀರಲು ಬಿಡುತ್ತಾರೆ. ಆದರೂ ಸಂಖ್ಯೆಯ ಹಿಂದಿನ ವಿಚಾರ ಸರಿಯಾದದ್ದು. ಎಳೆಯುವುದು ಎಳೆಸಿಕೊಳ್ಳುವುದಕ್ಕಿಂತ ಭಾರವಾಗಿರಲಿ ಎಂಬುದು ನನ್ನ ಅಭಿಪ್ರಾಯವೂ ಹೌದು.

ಇನ್ನೊಂದು ಅಪಾಯ ಓಲಾಟ. ವೇಗ ಒಂದು ಹದ ಮೀರಿದಾಗ ಟ್ರೈಲರ್ ಹಾವಿನಂತೆ ಎಡಬಲಕ್ಕೆ ತೂಗಾಡತೊಡಗುತ್ತದೆ. ಲೋಲಕವನ್ನು ನೆನಪಿಸಿಕೊಳ್ಳಿ. ಸಾಧಾರಣ ಲೋಲಕದ ತೂಗಾಟ ಗಾಳಿಯ ತಡೆಯಿಂದ ಕ್ರಮೇಣ ಕಡಿಮೆಯಾಗುತ್ತದೆ. ನಿಧಾನವಾಗಿ ಹೋಗುವ ಟ್ರೈಲರಿನದೂ ಹಾಗೆಯೇ, ಅದರ ಟೈರುಗಳು ತೂಗಾಟವನ್ನು ತಣಿಸುತ್ತವೆ. ವೇಗ ಹೆಚ್ಚಿದಂತೆ ಈ ತಣಿಸುವ ಗುಣ ಕುಗ್ಗುತ್ತದೆ, ಒಂದು ವೇಗದ ಆಚೆಗೆ ತೂಗಾಟ ತಾನಾಗಿಯೇ ಬೆಳೆಯುತ್ತ ಹೋಗುತ್ತದೆ. ಕೊನೆಗೆ ಕಾರನ್ನೂ ಸೇರಿಸಿಕೊಂಡು ಮಗುಚುತ್ತದೆ. ಆ ವೇಗ ಎಷ್ಟು ಎಂಬುದು ಬಹುಮಟ್ಟಿಗೆ ಭಾರ ಎಲ್ಲಿದೆ ಎಂಬುದನ್ನು ಅವಲಂಬಿಸಿದೆ. ಟ್ರೈಲರಿನ ಗುರುತ್ವಕೇಂದ್ರ ಅದರ ಅಚ್ಚಿಗಿಂತ ತುಸು ಮುಂದೆ ಇದ್ದರೆ ಕ್ಷೇಮ. ಹಿಂದೆ ಸರಿದರೆ ಓಲಾಟ ಬೇಗ ಶುರುವಾಗುತ್ತದೆ. ಓಲಾಟ ಆರಂಭವಾದರೆ ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲಗೆ ತೆಗೆದು, ಸ್ಟೀರಿಂಗನ್ನು ನೇರವಾಗಿ ಹಿಡಿದು, ವೇಗ ತಾನಾಗಿ ಇಳಿಯಲು ಬಿಡಬೇಕು. ಗಾಬರಿಯಿಂದ ಬ್ರೇಕು ಒತ್ತಿದರೂ, ಎಳೆದು ನೇರ ಮಾಡುತ್ತೇನೆಂದು ವೇಗ ಹೆಚ್ಚಿಸಿದರೂ ಅದು ಕೆಡುತ್ತದೆ.

ಗುರುತ್ವಕೇಂದ್ರ ಮುಂದಿದ್ದಾಗ ಟ್ರೈಲರಿನ ಮೂತಿ ಕಾರಿನ ಕೊಕ್ಕೆಯ ಗುಂಡಿನ ಮೇಲೆ ಸ್ವಲ್ಪ ಭಾರ ಹೇರುತ್ತದೆ. ಇದು ಟ್ರೈಲರಿನ ತೂಕದ ಶೇಕಡಾ 5 ರಿಂದ 7ರಷ್ಟು ಇರಬೇಕೆಂದು ಹೇಳುತ್ತಾರೆ. ನಮ್ಮ ಟ್ರೈಲರಿಗೆ 110 ರಿಂದ 154 ಕೆಜಿ. ಅಳೆಯುವುದು ಸುಲಭ: ಸಮನೆಲದಲ್ಲಿ, ಟ್ರೈಲರಿನ ಚಕ್ರಗಳಿಗೆ ಆನಿಕೆ ಕೊಟ್ಟು, ಮೂತಿಯ ಕೆಳಗೆ ಒಂದು ಮರದ ತುಂಡು, ಅದರ ಕೆಳಗೆ ನಾವು ನಿಂತು ತೂಕ ನೋಡಿಕೊಳ್ಳುವ ಯಂತ್ರ. ಆದರೆ ಯಂತ್ರ 150 ಕೆಜಿಯವರೆಗಾದರೂ ತೋರಿಸುವಂತಿರಬೇಕು! ಈಗ ಸನ್ನೆಯ ತತ್ತ್ವ ಅನ್ವಯಿಸಿ. ಗುಂಡು ಕಾರಿನ ಹಿಂದಿನ ಅಚ್ಚಿನಿಂದ 1.2 ಮೀಟರ್ ಹಿಂದಿದೆ, ಕಾರಿನ ಎರಡು ಅಚ್ಚುಗಳ ನಡುವೆ 2.8 ಮೀಟರ್ ಅಂತರವಿದೆ ಎನ್ನೋಣ. ಗುಂಡಿನ ಮೇಲೆ 120 ಕೆಜಿ ಹೇರಿದರೆ ಹಿಂದಿನ ಅಚ್ಚಿನ ಮೇಲೆ 171 ಕೆಜಿ ಹೆಚ್ಚುತ್ತದೆ, ಮುಂದಿನ ಅಚ್ಚು 51 ಕೆಜಿ ಹಗುರಾಗುತ್ತದೆ. ಕಬ್ಬಿನ ಟ್ರ್ಯಾಕ್ಟರ್ ಮುಖ ಎತ್ತುವುದರಲ್ಲಿ ಈ ಸನ್ನೆಯ ಪಾಲೂ ಇದೆ. ದಿಕ್ಕು ತಿರುಗಿಸುವ ಚಕ್ರಗಳು ಹಗುರಾಗುವುದು ಯಾರಿಗೂ ಒಳ್ಳೆಯದಲ್ಲ. ಆದ್ದರಿಂದ ಅಚ್ಚುಗಳ ಅಂತರ ಹೆಚ್ಚಿದ್ದು, ಹಿಂದಿನ ಅಚ್ಚಿನಾಚೆಗೆ ಬಾಲ ಗಿಡ್ಡವಾಗಿರುವ ಕಾರು ಈ ಕೆಲಸಕ್ಕೆ ಲೇಸು.

ಇಷ್ಟು ತಿಳಿದ ಮೇಲೆ ಪೇಟೆಗೆ ಹೋಗೋಣ. ಸ್ಕೋಡಾ ಆಕ್ಟೇವಿಯಾದಂಥ ಸಾಧಾರಣ ಕುಟುಂಬದ ಕಾರು ಅಗ್ಗಕ್ಕೆ ಸಿಗುತ್ತದೆ, ಆದರೆ ಅದು ಎಳೆಯಬಲ್ಲದ್ದು ಎಂಜಿನ್ನಿಗೆ ತಕ್ಕಂತೆ ಒಂದೂವರೆ ಟನ್ನಿನ ಆಸುಪಾಸು. ಅದನ್ನು ಅಲ್ಲಿಗೇ ಬಿಡಿ. 2002 ರಿಂದ 2014ರವರೆಗೆ ಬಂದ ಮೊದಲ ವೋಲ್ವೋ ಎಕ್ಸ್‌ಸಿ90 ಹಿತವಾದ ಕಾರು. ಅದರ ಮಿತಿ 2,250 ಕೆಜಿ. ಕಾಗದದ ಮೇಲೆ ನಮ್ಮ ಟ್ರೈಲರ್ ಪಾಸಾಗುತ್ತದೆ, ಉಳಿಯುವ ಅಂತರ ಮಾತ್ರ ಬರೀ 50 ಕೆಜಿ. ಒಂದು ಕುದುರೆ ದಷ್ಟಪುಷ್ಟವಾದರೆ ಲೆಕ್ಕ ಕೆಟ್ಟಿತು. ಡಿಸ್ಕವರಿ 3 ಎರಡೂವರೆ ಟನ್ನಿನ ಆಸುಪಾಸು ತೂಗುತ್ತದೆ, 3,500 ಕೆಜಿ ಎಳೆಯಲು ಅನುಮತಿ ಇದೆ. ಸ್ಯಾಂಗ್‌ಯಾಂಗ್ ರೆಕ್ಸ್‌ಟನ್ ಎಂಬ ಕೊರಿಯಾದ ಗಾಡಿಯ 2017ರ ನಂತರದ ಆಟೋಮ್ಯಾಟಿಕ್ ಮಾದರಿಗೂ ಅಷ್ಟೇ ಸಾಮರ್ಥ್ಯ. ಇವೆರಡಕ್ಕೂ ನಮ್ಮ ದೇಶದ ನಂಟಿದೆ ಎಂಬುದು ಸ್ವಾರಸ್ಯ. ಲ್ಯಾಂಡ್ ರೋವರ್ 2008ರಲ್ಲಿ ಟಾಟಾ ಮೋಟಾರ್ಸ್ ಪಾಲಾಯಿತು. ಆ ರೆಕ್ಸ್‌ಟನ್ ಗಾಡಿಯೇ 2018ರಲ್ಲಿ ಮಹೀಂದ್ರಾ ಅಲ್ಟುರಾಸ್ ಜಿ4 ಎಂಬ ಹೆಸರಿನಿಂದ ನಮ್ಮ ರಸ್ತೆಗಳಿಗೆ ಬಂದು, ಕೆಲವು ವರ್ಷ ಮಾರಾಟವಾಗಿ ನಿಂತಿತು.

ಹಳೆಯ ಡೀಸೆಲ್ ಗಾಡಿಯ ಬೆಲೆ ಇಳಿಯಲು ವಯಸ್ಸಿನ ಜೊತೆಗೆ ಇನ್ನೊಂದು ಕಾರಣ ಇದೆ. ಲಂಡನ್ ನಗರದ ಕಡಿಮೆ ಹೊಗೆ ವಲಯವನ್ನು 2023ರ ಆಗಸ್ಟ್‌ನಲ್ಲಿ ಇಡೀ ನಗರಕ್ಕೆ ವಿಸ್ತರಿಸಿದರು. ಯೂರೋ 6 ಮಟ್ಟ ಮುಟ್ಟದ ಡೀಸೆಲ್ ಕಾರಿಗೆ ದಿನಕ್ಕೆ 12.50 ಪೌಂಡ್ ಶುಲ್ಕ. ಲಂಡನ್ನಿನವರಿಗೆ ಬೇಡವಾದ ಗಾಡಿ ವೇಲ್ಸ್‌ನ ಹೊಲಮನೆಗೆ ಕೈಗೆಟುಕುತ್ತದೆ. ಅದರ ಹೊಗೆ ಮಾತ್ರ ಎಲ್ಲಿದ್ದರೂ ಹೊಗೆಯೇ, ಅದನ್ನು ಮರೆಯುವಂತಿಲ್ಲ.

ಮಾದರಿ ಯಾವುದೆಂದು ತೀರ್ಮಾನಿಸಿದ ಮೇಲೆ ಎದುರಿಗಿರುವ ಗಾಡಿಯನ್ನೇ ಓದಬೇಕು. ಬಾಗಿಲಿನ ಕಂಬದ ಮೇಲೋ ಬಾನೆಟ್ಟಿನ ಕೆಳಗೋ ಒಂದು ತಗಡಿನ ಪಟ್ಟಿ ಅಂಟಿಸಿರುತ್ತಾರೆ. ಅದರಲ್ಲಿ ನಾಲ್ಕು ತೂಕಗಳಿರುತ್ತವೆ. ಮೊದಲನೆಯದು ತುಂಬಿದ ಕಾರಿನ ಗರಿಷ್ಠ ತೂಕ, ಎರಡನೆಯದು ಕಾರು ಮತ್ತು ಟ್ರೈಲರ್ ಸೇರಿದ ಗರಿಷ್ಠ ತೂಕ, ಉಳಿದೆರಡು ಅಚ್ಚುಗಳವು. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ತುಂಬಿದ ಕಾರು ಎಷ್ಟು ಎಳೆಯಬಹುದೆಂದು ತಿಳಿಯುತ್ತದೆ. ಎರಡನೆಯ ಜಾಗ ಖಾಲಿ ಇದ್ದರೆ ಅಥವಾ ಸೊನ್ನೆ ಇದ್ದರೆ ಆ ಕಾರು ಏನನ್ನೂ ಎಳೆಯಬಾರದು. ಮಾರುವವನು ಏನೇ ಹೇಳಲಿ, ಈ ಪಟ್ಟಿಯನ್ನು ನಂಬಿ.

ಆಮೇಲೆ ಗಾಡಿಯ ಹೊಟ್ಟೆಯ ಕೆಳಗೆ ಟಾರ್ಚ್ ಹಿಡಿದು ಮಲಗಬೇಕು. ಬ್ರಿಟನ್ನಿನಲ್ಲಿ ಚಳಿಗಾಲದಲ್ಲಿ ರಸ್ತೆಯ ಹಿಮ ಕರಗಿಸಲು ಉಪ್ಪು ಚೆಲ್ಲುತ್ತಾರೆ, ಉಪ್ಪುನೀರು ಕಬ್ಬಿಣವನ್ನು ತಿನ್ನುತ್ತದೆ. ಟ್ರೈಲರಿನ ಇಡೀ ಎಳೆತ ಬೀಳುವುದು ಕೊಕ್ಕೆಯ ದಂಡವನ್ನು ಬೋಲ್ಟು ಹಾಕಿ ಬಿಗಿದ ಜಾಗದ ಮೇಲೆ. ಸ್ಕ್ರೂಡ್ರೈವರಿನ ಹಿಡಿಯಿಂದ ಅಲ್ಲಿ ತಟ್ಟಿ. ಗಟ್ಟಿ ಸದ್ದು ಬಂದರೆ ಸರಿ. ಮಂಕು ಸದ್ದಿನೊಂದಿಗೆ ತುಕ್ಕಿನ ಹಕ್ಕಳೆ ಉದುರಿದರೆ ಬೆಲೆ ಎಷ್ಟೇ ಕಡಿಮೆಯಿರಲಿ, ಎದ್ದು ಬನ್ನಿ. ಮೂರು ವರ್ಷ ದಾಟಿದ ಕಾರುಗಳಿಗೆ ಅಲ್ಲಿ ವರ್ಷಕ್ಕೊಮ್ಮೆ ಕಡ್ಡಾಯ ತಪಾಸಣೆ ಇದೆ, ಅದರ ಹಳೆಯ ಫಲಿತಾಂಶಗಳನ್ನು ಸರಕಾರವೇ ಪುಕ್ಕಟೆಯಾಗಿ ಕಂಪ್ಯೂಟರಿನಲ್ಲಿ ತೋರಿಸುತ್ತದೆ. ತುಕ್ಕಿನ ಎಚ್ಚರಿಕೆ ಯಾವ ವರ್ಷ ಮೊದಲು ಬರೆದರು, ನಂತರ ಅದೇ ಮಾತು ಎಷ್ಟು ಸಲ ಬಂತು ಎಂದು ಅದರಲ್ಲಿ ನೋಡಬಹುದು. ನಮ್ಮಲ್ಲೂ ಇಂಥ ಸೌಲಭ್ಯ ಇದ್ದರೆ ಹಳೆಯ ಗಾಡಿ ಕೊಳ್ಳುವವರಿಗೆ ದೊಡ್ಡ ಉಪಕಾರವಾಗುತ್ತಿತ್ತು.

ಆಟೋಮ್ಯಾಟಿಕ್ ಗೇರ್ ಬಾಕ್ಸ್ ಇದ್ದರೆ ಅದರ ಎಣ್ಣೆ ಮುಖ್ಯ. ಭಾರ ಎಳೆಯುವಾಗ ಎಂಜಿನ್ನಿನ ತಿರುಗುಬಲ ಎಣ್ಣೆಯ ಮೂಲಕ ದಾಟುತ್ತದೆ, ಎಣ್ಣೆ ಕಾಯುತ್ತದೆ. ಸಾಮಾನ್ಯವಾಗಿ ಕೆಂಪಗಿರುವ ಆ ಎಣ್ಣೆ ಕಂದುಗಟ್ಟಿ ಸುಟ್ಟ ವಾಸನೆ ಹೊಡೆಯುತ್ತಿದ್ದರೆ ಗೇರ್ ಬಾಕ್ಸ್ ದಣಿದಿದೆ ಎಂದೇ ಅರ್ಥ. ಕೈಗೇರಿನ ಗಾಡಿಯಾದರೆ ಕ್ಲಚ್ ಜಾರುತ್ತಿದೆಯೇ ನೋಡಿ: ಮೇಲಿನ ಗೇರಿನಲ್ಲಿ ಏರು ಹತ್ತುವಾಗ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗು ಏರಿ, ವೇಗ ಏರದಿದ್ದರೆ ಜಾರುತ್ತಿದೆ. ಹಿಂಭಾಗ ತಗ್ಗಿ ಕೂತಿದ್ದರೆ ಸ್ಪ್ರಿಂಗ್ ಸೋತಿವೆ. ಟೈಮಿಂಗ್ ಬೆಲ್ಟ್ ಬದಲಾಯಿಸಿದ ರಸೀದಿ ಕೇಳಿ.

ಕೊಕ್ಕೆ ಮೊದಲೇ ಇರುವ ಕಾರು ಒಳ್ಳೆಯದೋ, ಇಲ್ಲದ್ದು ಒಳ್ಳೆಯದೋ? ಇರುವ ಕಾರು ಕೊಂಡರೆ ಖರ್ಚು ಉಳಿಯುತ್ತದೆ ಎಂದು ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕೊಕ್ಕೆಯ ಗುಂಡು ಸವೆದು ಹೊಳೆಯುತ್ತಿದ್ದರೆ ಆ ಗಾಡಿ ವರ್ಷಗಟ್ಟಲೆ ಎತ್ತಿನಂತೆ ದುಡಿದಿದೆ. ಎಳೆಯುವ ಸಾಮರ್ಥ್ಯ ಇದ್ದೂ ಎಂದೂ ಎಳೆಯದ, ಮಕ್ಕಳನ್ನು ಶಾಲೆಗೆ ಬಿಡುತ್ತಿದ್ದ ಗಾಡಿಯನ್ನು ಹುಡುಕಿ, ಅದಕ್ಕೆ ಮಾನ್ಯತೆ ಪಡೆದ ಹೊಸ ಕೊಕ್ಕೆ ಹಾಕಿಸುವುದು ಮೇಲು.

ಕೊಕ್ಕೆಯ ವಿಷಯ ಬಂದದ್ದರಿಂದ ಒಂದು ಮಾತು. 2014ರ ಜನವರಿಯಲ್ಲಿ ಬ್ರಿಸ್ಟಲ್ ನಗರದಲ್ಲಿ ವಾಹನದಿಂದ ಕಳಚಿಕೊಂಡ ಟ್ರೈಲರೊಂದು ಕಾಲುದಾರಿಗೆ ನುಗ್ಗಿ, ತಾಯಿಯೊಂದಿಗೆ ಹೋಗುತ್ತಿದ್ದ ಮೂರು ವರ್ಷದ ಮಗುವಿನ ಪ್ರಾಣ ತೆಗೆಯಿತು. ಟ್ರೈಲರ್ ಕಳಚಿದರೆ ಅದರ ಬ್ರೇಕನ್ನು ತಾನಾಗಿ ಎಳೆಯುವ ಒಂದು ತೆಳು ಉಕ್ಕಿನ ಹಗ್ಗ ಬ್ರೇಕುಳ್ಳ ಟ್ರೈಲರುಗಳಲ್ಲಿ ಕಡ್ಡಾಯ. ಅದನ್ನು ಕಾರಿಗೆ ಸರಿಯಾಗಿ ಸಿಕ್ಕಿಸಿದಾಗ ಮಾತ್ರ ಅದು ಕೆಲಸ ಮಾಡುತ್ತದೆ. 1997ರ ಜನವರಿಯ ನಂತರ ಕಾರಿನ ಪರವಾನಗಿ ಪಡೆದವರು ದೊಡ್ಡ ಟ್ರೈಲರ್ ಎಳೆಯಲು ಬೇರೆ ಪರೀಕ್ಷೆಯನ್ನೇ ಪಾಸು ಮಾಡಬೇಕಿತ್ತು. 2021ರ ಡಿಸೆಂಬರ್ 16ರಿಂದ ಆ ಪರೀಕ್ಷೆ ಬೇಕಿಲ್ಲ. ಹೀಗಾಗಿ ಯಾರೂ ಕಲಿಸದೆಯೇ ಮೂರೂವರೆ ಟನ್ ಕಟ್ಟಿಕೊಂಡು ಹೊರಡುವ ಇಪ್ಪತ್ತರ ಹರೆಯದವರು ಈಗ ಅಲ್ಲಿದ್ದಾರೆ.

ಕೊಳ್ಳುವ ಮುನ್ನ ಸಾಧ್ಯವಾದರೆ ಖಾಲಿ ಟ್ರೈಲರನ್ನು ಕಟ್ಟಿ ಒಂದಿಷ್ಟು ದೂರ ಓಡಿಸಿ ನೋಡಬೇಕು. ಮುಂದಿನ ತಿಂಗಳ ಭಾರದ ದಿನಕ್ಕೆ ಕಾಯಬಾರದು. ಕಟ್ಟಿದ ಮೇಲೆ ಮೂತಿಯ ಚಿಕ್ಕ ಚಕ್ರವನ್ನು ತಿರುಗಿಸಿ ಟ್ರೈಲರನ್ನು ಮೇಲಕ್ಕೆ ಎತ್ತಿ. ಕಾರಿನ ಬಾಲವೂ ಜೊತೆಗೆ ಏಳಬೇಕು. ಎದ್ದರೆ ಕೊಕ್ಕೆ ಕಚ್ಚಿದೆ. ಎರಡು ಕಡೆಯ ದೀಪಗಳನ್ನು ಒಬ್ಬರು ಹಿಂದೆ ನಿಂತು ನೋಡಲಿ. ಹತ್ತಾರು ಮೈಲಿ ಹೋಗಿ ಬಂದು ನಿಲ್ಲಿಸಿ, ನಾಲ್ಕೂ ಕಡೆ ಚಕ್ರದ ನಡುಭಾಗದ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಒಂದೇ ಅಚ್ಚಿನ ಎರಡು ಬದಿ ಒಂದೇ ಸಮ ಬೆಚ್ಚಗಿರಬೇಕು. ಒಂದು ಬದಿ ಮಾತ್ರ ಕೆಂಡದಂತೆ ಕಾಯುತ್ತಿದ್ದರೆ ಆ ಚಕ್ರದ ಬ್ರೇಕು ಬಿಡುತ್ತಿಲ್ಲ. ಒಂದು ಬದಿ ತಣ್ಣಗಿದ್ದರೆ ಅದರ ಬ್ರೇಕು ಹಿಡಿಯುತ್ತಲೇ ಇಲ್ಲ. ಯಾವ ಚಕ್ರ ಎಂದು ಗುರುತು ಹಾಕಿಕೊಂಡು, ಅಲ್ಲಿಂದ ಬೆಲೆಯ ಮಾತು ಶುರು ಮಾಡಿ.